ಲಂಗೋಟಿಯೋ ಡೈಪರೋ: ಕೈಬಿಗಿ ಇರುವ ಮನೆಯ ಲೆಕ್ಕ

ಹಳೆಯ ಹತ್ತಿ ಸೀರೆ, ಸವೆದ ಪಂಚೆ ಹರಿದು ಕೂಸಿಗೆ ಲಂಗೋಟಿ ಕಟ್ಟುವುದು ಬಡವರ ಉಪಾಯವಷ್ಟೇ ಆಗಿರಲಿಲ್ಲ. ಉಳ್ಳವರ ಮನೆಯಲ್ಲೂ ಅದೇ ರೂಢಿ ಇತ್ತು. ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಶಾಂಪೂ ಪೊಟ್ಟಣಗಳ ಪಕ್ಕದಲ್ಲಿ ಡೈಪರ್ ನೇತಾಡುತ್ತದೆ. ದುಡ್ಡು ಎಣಿಸಿ ಖರ್ಚು ಮಾಡುವ ಮನೆಯಲ್ಲಿ ಬಟ್ಟೆಯೇ ಸರಿ ಎಂಬ ಉತ್ತರ ತಟ್ಟನೆ ಬರುತ್ತದೆ. ಅದು ಅರ್ಧ ಮಾತ್ರ ನಿಜ.

ಒಂದು ಡೈಪರಿಗೆ 10 ರೂಪಾಯಿ, ದಿನಕ್ಕೆ ಆರು ಎಂದು ಹಿಡಿದರೆ ತಿಂಗಳಿಗೆ 1,800 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಇದರ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದರೂ ಹೊರೆ ಹೊರೆಯೇ. ದೊಡ್ಡ ಪ್ಯಾಕ್ ಕೊಂಡರೆ ಅಗ್ಗ. ಆದರೆ ವಾರದ ಬಟವಾಡೆ ನಂಬಿದವರು ಸಣ್ಣ ಪ್ಯಾಕನ್ನೇ ತರುತ್ತಾರೆ, ಹೀಗಾಗಿ ಇಲ್ಲದವರೇ ಹೆಚ್ಚು ತೆರುತ್ತಾರೆ. ಗುಂಡಿ ಹಾಕಿ ಅಳತೆ ಹೊಂದಿಸುವ, ಹೊರಗೆ ನೀರು ಸೋರದ ಹೊಸ ಬಗೆಯ ಬಟ್ಟೆ ಡೈಪರಿಗೂ ಇದೇ ತೊಡಕು. ಒಂದಕ್ಕೆ 400 ರೂಪಾಯಿಯಂತೆ ಇಪ್ಪತ್ತು ಕೊಂಡರೆ 8,000. ಎರಡು ವರ್ಷದ ಲೆಕ್ಕದಲ್ಲಿ ಉಳಿತಾಯ ನಿಜ, ಆದರೆ ಆ ಎಂಟು ಸಾವಿರ ಈ ತಿಂಗಳು ಎಲ್ಲಿಂದ ಬರಬೇಕು? ಹಳೆ ಸೀರೆಗೆ ಈ ಕಷ್ಟವಿಲ್ಲ.

ಅದರ ಕಷ್ಟ ಬಚ್ಚಲಲ್ಲಿದೆ. ಹಸುಗೂಸು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುತ್ತದೆ. ಲಂಗೋಟಿಯ ಜೊತೆ ಹಾಸು, ಹೊದಿಕೆ, ಕೆಲವೊಮ್ಮೆ ತಾಯಿಯ ಸೀರೆಯೂ ಒಗೆಯಲು ಬೀಳುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾದರು. ಅಲ್ಲಿ ಬಟ್ಟೆ ಪುಕ್ಕಟೆ ಎನ್ನುವುದಾದರೂ ಹೇಗೆ? ಮಲೆನಾಡಿನ ಆಷಾಢದಲ್ಲಿ ನೀರು ಬೇಕಾದಷ್ಟು, ಬಿಸಿಲು ಮಾತ್ರ ಇಲ್ಲ; ಒಲೆಯ ಶಾಖಕ್ಕೆ ಬಟ್ಟೆ ಹರವಬೇಕು. ಇಷ್ಟನ್ನೂ ಒಗೆಯುವವಳು ಹೆಚ್ಚಾಗಿ ಬಾಣಂತಿ, ಇಲ್ಲವೆ ಅವಳ ತಾಯಿ. ಸಿಸೇರಿಯನ್ ಹೊಲಿಗೆ ಇನ್ನೂ ಮಾಗದವಳು ಒಗೆಯುವ ಕಲ್ಲಿನ ಮುಂದೆ ಬಗ್ಗುವ ಶ್ರಮವನ್ನು ಲೆಕ್ಕಕ್ಕೆ ಹಿಡಿಯದೆ ಉಳಿತಾಯದ ಮಾತಾಡುವುದು ಅನ್ಯಾಯ.

ಬಟ್ಟೆ ಕಟ್ಟಿದರೆ ದದ್ದು ಏಳುವುದಿಲ್ಲ ಎಂಬುದೂ ಪೂರ್ತಿ ಸರಿಯಲ್ಲ. ದದ್ದು ಬರುವುದು ಒದ್ದೆಯಿಂದ, ಮಲಮೂತ್ರ ಚರ್ಮಕ್ಕೆ ಅಂಟಿಕೊಂಡಿರುವುದರಿಂದ. ಡೈಪರಿನೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಮೂತ್ರವನ್ನು ಹೀರಿ ಜೆಲ್ ಆಗುವುದರಿಂದ ಚರ್ಮ ಒಣಗಿರುತ್ತದೆ. ಆದರೆ ಕೈಬಿಗಿ ಇರುವ ತಾಯಿ ಆ ಡೈಪರನ್ನು ಭಾರವಾಗುವ ತನಕ ಬಿಚ್ಚುವುದಿಲ್ಲ, ಬಿಚ್ಚಿದರೆ ಹತ್ತು ರೂಪಾಯಿ ಹೋದಂತೆ. ಇಲ್ಲಿ ಲಂಗೋಟಿಯದೇ ಮೇಲುಗೈ: ಒದ್ದೆ ಕೂಡಲೇ ಕೈಗೆ ತಿಳಿಯುತ್ತದೆ, ಬದಲಿಸಲು ದುಡ್ಡು ಅಡ್ಡ ಬರುವುದಿಲ್ಲ. ಸೋಪು ಪೂರ್ತಿ ಹೋಗುವಂತೆ ಜಾಲಿಸಬೇಕು, ಅಷ್ಟೇ. ಘಮಘಮಿಸುವ ಸಾಫ್ಟ್‌ನರ್ ಹಾಕಬಾರದು, ಅದು ಬಟ್ಟೆಯ ಹೀರುವ ಶಕ್ತಿಯನ್ನೇ ಕುಗ್ಗಿಸುತ್ತದೆ.

ಕಸದ ವಿಷಯದಲ್ಲಿ ನನಗೆ ಅನುಮಾನ ಕಡಿಮೆ. ಬೆಂಗಳೂರಿನಲ್ಲಿ ಡೈಪರನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕೆಂಬ ನಿಯಮವಿದ್ದರೂ, ಹಾಗೆ ಮಾಡದ ಮನೆಗಳ ಹೊಲಸನ್ನು ಪೌರಕಾರ್ಮಿಕರು ಕೈಯಲ್ಲಿ ಬಿಡಿಸುತ್ತಾರೆ. ಹಳ್ಳಿಗಳಲ್ಲಿ ಅದು ಕಾಲುವೆ, ಹಳ್ಳ ಸೇರುತ್ತದೆ. ಬ್ರಿಟನ್ನಿನ ಪರಿಸರ ಏಜೆನ್ಸಿಯ 2008ರ ಅಧ್ಯಯನ, ತಾಪಮಾನ ಏರಿಕೆಯ ದೃಷ್ಟಿಯಿಂದ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ ಎಂದಿತು ನಿಜ. ಆದರೆ ಯಂತ್ರ ತುಂಬ ಬಟ್ಟೆ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಬಟ್ಟೆಯ ಭಾರ ಶೇ 40ರಷ್ಟು ಇಳಿಯುತ್ತದೆ ಎಂದೂ ಅದೇ ಹೇಳಿತು. ನಮ್ಮಲ್ಲಿ ಹಗ್ಗವಿಲ್ಲದ ಮನೆ ಯಾವುದು?

ಬಾವಿ, ಅಂಗಳ, ಕೈಜೋಡಿಸುವ ಒಬ್ಬರು ಇರುವಲ್ಲಿ ಹಗಲಿಗೆ ಲಂಗೋಟಿ, ರಾತ್ರಿಗೆ ಒಂದೇ ಡೈಪರ್ ಸಾಕು. ಆ ಒಂದರಿಂದ ತಾಯಿಗೆ ನಿದ್ದೆ ಸಿಗುತ್ತದೆ. ಒಂದೇ ಕೋಣೆಯಲ್ಲಿದ್ದು, ಬೆಳಗಾದರೆ ಗಾರ್ಮೆಂಟ್ಸ್‌ಗೆ ಓಡುವವಳು ಡೈಪರ್ ಕೊಂಡರೆ ಅವಳನ್ನು ಯಾರೂ ಸೋಮಾರಿ ಎನ್ನಬಾರದು. ಹೊಸ ಬಗೆಯ ಬಟ್ಟೆ ಡೈಪರಿನ ಆಸೆಯಿದ್ದವರು ಮೊದಲು ಎರಡು ಮೂರು ಕೊಂಡು, ಮಳೆಗಾಲದಲ್ಲಿ ಒಣಗುತ್ತವೆಯೇ ನೋಡಲಿ. ಡೈಪರಿನ ದುಡ್ಡು ಬಾಣಂತಿಯ ಹಾಲು, ಮೊಟ್ಟೆಯಿಂದ ಕಡಿತವಾಗುತ್ತಿದ್ದರೆ ಮಾತ್ರ ಬಟ್ಟೆಯನ್ನೇ ಹಿಡಿಯಿರಿ ಎನ್ನುತ್ತೇನೆ, ಒಗೆಯುವ ಕೆಲಸ ಮಗುವಿನ ಅಪ್ಪನದಾಗಿರಲಿ.