ಮಲ್ಲಪ್ಪಶೆಟ್ಟಿಯನ್ನು ಬೈದದ್ದು ಸಾಕು

ಯಾರನ್ನಾದರೂ ದ್ರೋಹಿ ಅನ್ನಬೇಕಾದರೆ ನಮ್ಮ ಕಡೆ ಒಂದು ರೆಡಿಮೇಡ್ ಬೈಗುಳ ಇದೆ: ‘ಮಲ್ಲಪ್ಪಶೆಟ್ಟಿ’. ಮೆಕ್ಸಿಕೋದವರ ಹತ್ತಿರವೂ ಇಂಥದ್ದೇ ಒಂದಿದೆ, ‘ಮಾಲಿಂಚಿಸ್ತಾ’. ಸ್ಪೇನಿನಿಂದ ದಂಡೆತ್ತಿ ಬಂದ ಕೊರ್ಟೆಸ್‌ಗೆ ದುಭಾಷಿಯಾಗಿದ್ದ ಮಾಲಿಂಚೆ ಎಂಬ ಹೆಂಗಸಿನ ಹೆಸರಿನಿಂದ ಹುಟ್ಟಿದ್ದು. 1521ರಲ್ಲಿ ಅಜ್ಟೆಕರ ರಾಜಧಾನಿ ಬಿದ್ದದ್ದು ಅವಳೊಬ್ಬಳಿಂದಲೇ ಅಂತೆ! ಪಾಪ, ಅವಳನ್ನು ಅವನಿಗೆ ತೊತ್ತಾಗಿ ಕೊಟ್ಟವರನ್ನು ಯಾರೂ ಬೈಯುವುದಿಲ್ಲ.

ನಾವೂ ಅಷ್ಟೇ. ಕಿತ್ತೂರಿನ ಸೋಲನ್ನು ಇಬ್ಬರು ಮೂವರ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದೇವೆ. ಸ್ವಾಮಿ, 1818ರಲ್ಲಿ ಪೇಶ್ವೆಯವರಿಂದ ಬೆಳಗಾವಿ ಕೋಟೆ ಕಿತ್ತುಕೊಳ್ಳಲು ಇಂಗ್ಲಿಷರಿಗೆ ನೆರವಾದದ್ದು ಯಾರು? ಇದೇ ಕಿತ್ತೂರು ಸಂಸ್ಥಾನ. ಅಜ್ಟೆಕರ ಮೇಲಿನ ಹಗೆಗೆ ತ್ಲಾಷ್ಕಾಲದವರು ಕೊರ್ಟೆಸ್‌ನ ಬೆನ್ನಿಗೆ ನಿಂತರಲ್ಲ, ಹಾಗೆ. ಆರೇ ವರ್ಷಕ್ಕೆ ದತ್ತಕ ಒಪ್ಪುವುದಿಲ್ಲ ಅಂದರು. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಬಿದ್ದ, ಡಿಸೆಂಬರಿನಲ್ಲಿ ಕೋಟೆಯೇ ಬಿತ್ತು. ನಾನು ಶಾಲೆಯಲ್ಲಿ ಕೇಳಿದ ಕಥೆ ಅಲ್ಲಿಂದ ಬೈಲಹೊಂಗಲದ ಸೆರೆಮನೆಗೆ, ಆಮೇಲೆ ಸೀದಾ 1831ರ ನಂದಗಡದ ಆಲದ ಮರಕ್ಕೆ ಜಿಗಿಯುತ್ತಿತ್ತು. ನಡುವೆ ಏನಾಯ್ತು?

ಕಿತ್ತೂರಿಗೂ ನಂದಗಡಕ್ಕೂ ನಡುವೆ ಬೀಡಿ ಇದೆ. ಇವತ್ತು ಖಾನಾಪುರ ತಾಲೂಕಿನ ಒಂದು ಊರು. ಆಗ ಸರ್ಕಾರಿ ಕಚೇರಿ ಇದ್ದದ್ದು ಅಲ್ಲೇ. ರಾಯಣ್ಣ ಸನದಿ, ಅಂದರೆ ಚಾಕರಿಗೆ ಪ್ರತಿಯಾಗಿ ಹೊಲ ಉಣ್ಣುತ್ತಿದ್ದವನು. ಗೆದ್ದವರು ಆ ಹೊಲದಲ್ಲಿ ಒಂದಷ್ಟು ಕಸಿದುಕೊಂಡು ಉಳಿದದ್ದಕ್ಕೆ ಕಂದಾಯ ಹೇರಿದರು. 1830ರ ಆರಂಭದಲ್ಲಿ ಅವನ ಮಂದಿ ಬೀಡಿಯ ಕಚೇರಿಗೆ ಬೆಂಕಿ ಇಟ್ಟರು. ಗಮನಿಸಿ, ದಂಡಿನ ಠಾಣೆಯನ್ನಷ್ಟೇ ಅಲ್ಲ, ಕಾಗದಪತ್ರ ಇಡುವ ಕಚೇರಿಯನ್ನೇ ಹುಡುಕಿಕೊಂಡು ಹೋದರು. ದಿನಾ ಡೇಟಾಬೇಸ್ ಮುಂದೆ ಕೂರುವ ನನಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕತ್ತಿ ಒಂದು ದಿನ ಗೆಲ್ಲುತ್ತದೆ. ಹೊಲ ಯಾರದು ಅಂತ ನೂರು ವರ್ಷ ಹೇಳುವುದು ರೆಕಾರ್ಡು. ಮೆಕ್ಸಿಕೋದಲ್ಲೂ ಯುದ್ಧ ಮುಗಿದ ಮೇಲೆ ಊರೂರುಗಳ ಕಪ್ಪವನ್ನೂ ಬಿಟ್ಟಿ ದುಡಿಮೆಯನ್ನೂ ಸ್ಪೇನಿನ ಸಿಪಾಯಿಗಳಿಗೆ ಹೀಗೇ ಬರೆದುಕೊಟ್ಟಿದ್ದರು.

2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಗೆ ಕೈ ಹಚ್ಚಿದಾಗ ನಾನೂ ಕುದ್ದುಹೋಗಿದ್ದೆ. ಆದರೆ ಕನ್ನಡ-ಮರಾಠಿ ಅಂತ ಗಂಟಲು ಹರಿದುಕೊಂಡ ನಮ್ಮಲ್ಲಿ (ನಾನೂ ಸೇರಿ) ಸನದಿಗಳ ಹೊಲ ಏನಾಯ್ತು ಅಂತ ಕೇಳಿದವರನ್ನು ಕಾಣಲಿಲ್ಲ. ಅವನು ಬಡಿದಾಡಿದ್ದೇ ಅದಕ್ಕಲ್ಲವೇ?

ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಹೋಗುವ ಬ್ಲಾಗಿಗ ಮಿತ್ರರೇ, ಈ ಸಲ ಬೀಡಿಯಲ್ಲೂ ಇಳಿಯಿರಿ. ಸುತ್ತಲ ಹಳ್ಳಿಯ ಹಿರಿಯರನ್ನು ಕೇಳಿ, ಸನದಿ ಹೊಲ ಅಂತ ಯಾವುದನ್ನಾದರೂ ಈಗಲೂ ಕರೆಯುತ್ತಾರಾ ಅಂತ. ಬರೆದರೆ ತಿಳಿಸಿ, ಓದಲು ಕಾದಿರುತ್ತೇನೆ.