ಮನೆಯ ಮಾತು: ಮರೆಮಾಚಿದ ಸುದ್ದಿ



ನಮ್ಮ ಬಂಧುಗಳ ಮನೆಯ ಗೃಹಿಣಿಯೊಬ್ಬಳಿಗೆ ಕೆಲವು ಕಾಲದಿಂದ ಬೆಳಗಿನ ಹೊತ್ತು ತಲೆನೋವೂ ವಾಂತಿಯೂ ಆಗುತ್ತಿದ್ದುವು. ಒಂದು ದಿನ ಮೂರ್ಛೆಯೂ ಬಂದಿತು. ಎಂ.ಆರ್.ಐ. ಪರೀಕ್ಷೆಯಿಂದ ಮೆದುಳಿನಲ್ಲಿ ಗಡ್ಡೆಯಿರುವುದು ತಿಳಿಯಿತು. ಮನೆಯವರು ಅದನ್ನು ಆಕೆಗೆ ಹೇಳದೆ ಪಡಸಾಲೆಯಲ್ಲಿ ಪಿಸುಗುಟ್ಟುತ್ತಿದ್ದರು. ನೋಡಲು ಹೋದ ನಮ್ಮ ಕೈಹಿಡಿದು ಆಕೆಯು, “ಅಕ್ಕಾ, ತಲೆ ನನ್ನದು, ಅದರೊಳಗಿನ ಸುದ್ದಿ ನನಗೊಬ್ಬಳಿಗೇ ಏಕೆ ತಿಳಿಯಬಾರದು?” ಎಂದಳು. ನಮಗೆ ಉತ್ತರವು ತೋಚಲಿಲ್ಲ.

ಮರೆಮಾಚುವುದು ಪ್ರೀತಿಯಿಂದಲೇ ಸರಿ. ಆದರೆ ಅದರಿಂದ ರೋಗಿಯ ಭಯವು ಕುಗ್ಗದು, ಒಂಟಿತನವು ಬೆಳೆಯುವುದು. ಗಡ್ಡೆಯೆಂದ ಮಾತ್ರಕ್ಕೆ ಅರ್ಬುದವೆಂದು ಎಣಿಸಲಾಗದು. ಮೆದುಳಿನ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಗಳಲ್ಲಿ ಹೆಚ್ಚಿನವು ಅರ್ಬುದವಲ್ಲ. ಗ್ಲಿಯೋಬ್ಲಾಸ್ಟೋಮವು ಮಾತ್ರ ಬಹಳ ಉಗ್ರವಾದುದು. ಯಾವ ಬಗೆಯೆಂಬುದು ಸಾಮಾನ್ಯವಾಗಿ ಗಡ್ಡೆಯ ತುಣುಕನ್ನು ಪರೀಕ್ಷಿಸಿದ ಮೇಲೆಯೇ ನಿಶ್ಚಯವಾಗುವುದು. ಅಲ್ಲಿಯವರೆಗೆ ನೆರೆಹೊರೆಯವರ ಊಹೆಗೆ ಕಿವಿಗೊಡಬಾರದು.

ವೈದ್ಯರಲ್ಲಿಗೆ ರೋಗಿಯೊಡನೆ ಮತ್ತೊಬ್ಬರು ಹೋಗತಕ್ಕದ್ದು. ಗಡ್ಡೆಯು ಎಲ್ಲಿದೆ, ಪೂರ್ಣವಾಗಿ ತೆಗೆಯಬಹುದೆ, ಮಾತಿಗೂ ಕೈಕಾಲಿಗೂ ಬಾಧೆಯುಂಟೆ ಎಂಬ ಪ್ರಶ್ನೆಗಳನ್ನು ಬರೆದೊಯ್ದು, ಉತ್ತರಗಳನ್ನೂ ಬರೆದುಕೊಳ್ಳಬೇಕು. ಮೂರ್ಛೆಯ ಮಾತ್ರೆಯನ್ನೂ ಬಾವಿಳಿಸುವ ಸ್ಟೀರಾಯ್ಡನ್ನೂ ವೈದ್ಯರು ಹೇಳದೆ ನಿಲ್ಲಿಸಕೂಡದು. ಮೂರ್ಛೆ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಗಡ್ಡೆಯು ಸ್ವಭಾವವನ್ನೂ ಮಾರ್ಪಡಿಸಬಹುದು. ಸೌಮ್ಯಳಾದವಳು ಸಿಡುಕಿದರೆ ಅದು ರೋಗದ ಕೆಲಸವಿರಬಹುದೆಂದು ಮನೆಮಂದಿ ನೆನೆಯಲಿ.

ಈ ಭಾರವನ್ನು ಒಂದೇ ಹೆಗಲಿನಲ್ಲಿ ಹೊರಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಸ್ತ್ರವೈದ್ಯರಲ್ಲದೆ, ರೋಗಿಗೂ ಮನೆಯವರಿಗೂ ಧೈರ್ಯ ಹೇಳುವ ಸಮಾಜಕಾರ್ಯಕರ್ತರೂ ಇರುವರು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವುಂಟು, ಆಸ್ಪತ್ರೆಯಲ್ಲಿ ವಿಚಾರಿಸಬೇಕು. ನೆಂಟರಾದವರು “ಏನಾದರೂ ಬೇಕಿದ್ದರೆ ಹೇಳಿ” ಎಂದು ಹೊರಡುವುದಕ್ಕಿಂತ ಒಂದು ಪಾತ್ರೆ ಸಾರನ್ನು ತಂದಿಡಲಿ, ಮಕ್ಕಳನ್ನು ಶಾಲೆಗೆ ಬಿಟ್ಟುಬರಲಿ. ಹಗಲಿರುಳು ಶುಶ್ರೂಷೆ ಮಾಡುವವರಿಗೆ ಎರಡು ಗಳಿಗೆ ನಿದ್ರೆ ದೊರಕಿಸಲಿ.

ಆ ಸಂಜೆ ಆಕೆಯ ಪತಿಯೊಡನೆ ಮಾತನಾಡಿದೆವು. ಅವರು ಪತ್ನಿಯ ಬಳಿ ಕುಳಿತು ಎಲ್ಲವನ್ನೂ ತಿಳಿಸಿದರು. ಆ ರಾತ್ರಿ ಆಕೆಯು ಬಹಳವಾಗಿ ಅತ್ತಳಂತೆ. ಮರುದಿನ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳ ಚೀಟಿಯನ್ನು ಬರೆದವಳು ಆಕೆಯೇ.