ಬಿಸಿಲಿಗೆ ಬೆನ್ನು ಕೊಟ್ಟವರ ಮುಖ

ಈ ಅಂಕಣದಲ್ಲಿ ವಚನಾರ್ಥವನ್ನೋ ಆಚಾರದ ವಿಷಯವನ್ನೋ ನಿವೇದಿಸುತ್ತ ಬಂದವನು ಈ ಸಲ ಛಾಯಾಚಿತ್ರದ ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ನಾನು ಮಠದಲ್ಲಿ ಕಲಿತ ವಿದ್ಯೆಯಲ್ಲ. ಆದರೆ ಶಹಾಬಾದಿನ ಒಂದು ಭಕ್ತ ಕುಟುಂಬದಲ್ಲಿ ನಡೆದ ಸಂಗತಿಯು ಆ ಕುರಿತು ಬಲ್ಲವರನ್ನು ಕೇಳಿ ತಿಳಿಯುವಂತೆ ಮಾಡಿತು.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲು ಪದರು ಪದರಾಗಿ ಹಾಸಿಕೊಂಡಿದೆ. ನಮ್ಮ ಮನೆಗಳ ಪಡಸಾಲೆಗೆ ಬಂದ ಫರಸಿ ಆ ಪದರೇ. 1968ರಲ್ಲಿ ವಾಡಿಯಲ್ಲಿ ಆರಂಭವಾದ ಸಿಮೆಂಟ್ ಕಾರ್ಖಾನೆಗೆ ಆಧಾರವಾದದ್ದೂ ಆ ಕಲ್ಲೇ. ಸಂಜೆ ಖಣಿಯ ಧೂಳು ಗಾಳಿಯಲ್ಲಿ ತೇಲುವಾಗ ಸೂರ್ಯಕಿರಣಗಳು ಎಣಿಸಬಹುದೆಂಬಂತೆ ಕಾಣುತ್ತವೆ. ಸೇಡಂ, ಚಿಂಚೋಳಿ ಹೊಲಗಳಲ್ಲಿ ತೊಗರಿಯ ರಾಶಿ ನಡೆಯುವಾಗ ಹಾರುವ ಹೊಟ್ಟೂ ಹಾಗೆಯೇ ಹೊಳೆಯುತ್ತದೆ. ಇಂಥ ಸ್ಥಳದಲ್ಲಿ ಕ್ಯಾಮೆರಾ ಹಿಡಿದವನಿಗೆ ಸೂರ್ಯನ ಕಡೆಗೇ ತಿರುಗಬೇಕೆಂಬ ಆಸೆ ಹುಟ್ಟುವುದು ಸಹಜ.

ಆ ಕುಟುಂಬದ ಮಗ ಕಲಬುರಗಿಯಲ್ಲಿ ಓದುತ್ತಿರುವ ತರುಣ. ತಂದೆ ಮೂವತ್ತು ವರ್ಷ ಖಣಿಯಲ್ಲಿ ಉಳಿ, ಸುತ್ತಿಗೆ, ಹಾರೆ ಹಿಡಿದು ಫರಸಿ ಎಬ್ಬಿಸಿದವರು. ಕಳೆದ ಮಾಘಮಾಸದ ಒಂದು ಸಂಜೆ ಮಗನು ಮೊಬೈಲಿನಲ್ಲಿ ಅವರ ಚಿತ್ರ ತೆಗೆದ. ಹಿಂದೆ ಮುಳುಗುವ ಸೂರ್ಯ, ಮುಂದೆ ಹಾರೆ ಎತ್ತಿದ ತಂದೆ. ಬಣ್ಣ ತೆಗೆದು, ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿದ. ಚಿತ್ರ ನಿಜಕ್ಕೂ ಸುಂದರವಾಗಿತ್ತು, ಕಂಡವರೆಲ್ಲ ಹೊಗಳಿದರು. ಮಳೆಗಾಲದಲ್ಲಿ ತಂದೆ ಲಿಂಗೈಕ್ಯರಾದರು. ಶಿವಗಣಾರಾಧನೆಗೆ ಭಾವಚಿತ್ರ ಬೇಕಾಯಿತು. ಮನೆಯಲ್ಲಿದ್ದುದು ಗುರುತಿನ ಚೀಟಿಯ ಮಸುಕು ಮುಖವೊಂದು, ಈ ಚಿತ್ರವೊಂದು. ತಾಯಿ ಅದನ್ನು ಬಹಳ ಹೊತ್ತು ನೋಡಿ, “ಇದ್ರಾಗ ಅವ್ರ ಮಾರಿ ಎಲ್ಲದಪಾ?” ಎಂದರಂತೆ. ಹುಡುಗ ಮಠಕ್ಕೆ ಬಂದು, “ಮುತ್ಯಾ, ಅಪ್ಪನ ಮಾರಿ ನಾನೇ ಅಳಿಸೀನಿ” ಎಂದು ಅತ್ತುಬಿಟ್ಟ.

ನಾನು ಅವನನ್ನು ಪರಿಚಯದ ಛಾಯಾಗ್ರಾಹಕರೊಬ್ಬರ ಬಳಿಗೆ ಕರೆದೊಯ್ದೆ. ಅವರು ವಿವರಿಸಿದ್ದು ಹೀಗೆ. ಚೌಕಟ್ಟಿನಲ್ಲಿ ಸೂರ್ಯನಿದ್ದರೆ ಕ್ಯಾಮೆರಾ ಆ ಪ್ರಖರತೆಯನ್ನು ಅಳೆದು, ಒಳಗೆ ಬರುವ ಬೆಳಕನ್ನು ತಗ್ಗಿಸುತ್ತದೆ. ಆಗ ಎದುರಿನ ಮನುಷ್ಯ ನೆರಳಾಗುತ್ತಾನೆ. ಮೊಬೈಲಿನ ತೆರೆಯ ಮೇಲೆ ಮುಖವನ್ನು ಮುಟ್ಟಿದರೆ ಅದು ಮುಖಕ್ಕೆ ತಕ್ಕಂತೆ ಅಳೆಯುತ್ತದೆ, ಆಗ ಆಕಾಶ ಬಿಳುಚುತ್ತದೆ. ಎರಡೂ ಬೇಕಾದರೆ ಸೂರ್ಯನನ್ನು ರುಮಾಲಿನ ಹಿಂದೋ ಕಂಬದ ಹಿಂದೋ ಮರೆಮಾಡಬೇಕು, ಇಲ್ಲವೆ ಬಿಳಿಯ ಧೋತರವನ್ನು ಎದುರಿಗೆ ಹಿಡಿದು ಬೆಳಕನ್ನು ಮುಖಕ್ಕೆ ತಿರುಗಿಸಬೇಕು. ಮಸೂರದ ಮೇಲಿನ ಧೂಳನ್ನು ಒರೆಸದಿದ್ದರೆ ಚಿತ್ರವೆಲ್ಲ ಮಬ್ಬಾಗುತ್ತದೆ. ವಾಡಿಯ ಗಾಳಿಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ದೊಡ್ಡ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಮಸೂರವು ಕಣ್ಣನ್ನೇ ಸುಟ್ಟೀತು.

ಇನ್ನೊಂದು ಮಾತನ್ನು ಅವರು ಹೇಳಿದರು, ಅದು ನನ್ನ ಮನಸ್ಸಿನಲ್ಲಿ ನಿಂತಿದೆ. ಚಿತ್ರದಲ್ಲಿ ಪೂರ್ತಿ ಬಿಳಿಯಾದ ಭಾಗದಲ್ಲಿ ಏನೂ ಉಳಿದಿರುವುದಿಲ್ಲ. ಸೂರ್ಯನ ಬಿಂಬವನ್ನು ಎಷ್ಟು ತಗ್ಗಿಸಿದರೂ ಅದು ಬರಿಯ ಬೂದುಬಣ್ಣದ ಬಿಲ್ಲೆಯಾಗುತ್ತದೆಯೇ ಹೊರತು ಸೂರ್ಯನಾಗದು. ಕಪ್ಪಾಗಿ ಕಂಡ ಭಾಗದಲ್ಲಿ ಮಾತ್ರ ಬಹಳಷ್ಟು ಅಡಗಿರಬಹುದು. ಪುಣ್ಯಕ್ಕೆ ಹುಡುಗ ಮೂಲ ಚಿತ್ರವನ್ನು ಅಳಿಸಿರಲಿಲ್ಲ. ಅದರ ನೆರಳನ್ನು ಮೆಲ್ಲನೆ ತೆರೆದಾಗ ಮೊದಲು ಹಣೆಯ ವಿಭೂತಿ ಕಂಡಿತು. ಆಮೇಲೆ ಕಣ್ಣು, ಮೀಸೆ. ನೆಲಕ್ಕೆ ಹಾಸಿದ್ದ ಫರಸಿಯೇ ಬೆಳಕನ್ನು ಮೇಲಕ್ಕೆ ಎಸೆದು ಆ ಮುಖವನ್ನು ಅಷ್ಟು ಉಳಿಸಿತ್ತು. ಅವರು ಬದುಕಿನುದ್ದಕ್ಕೂ ಎಬ್ಬಿಸಿದ ಕಲ್ಲು!

ಛಾಯಾಗ್ರಾಹಕರು ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಪ್ಪು-ಬಿಳುಪಿಗೆ ತಿರುಗಿಸುವಾಗ ಯಾವ ಬಣ್ಣ ಎಷ್ಟು ತಿಳಿಯಾಗಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ. ನೀಲಿಯನ್ನು ತಗ್ಗಿಸಿದರೆ ಆಕಾಶ ಗಂಭೀರವಾಗುತ್ತದೆ. ಕೆಂಪು-ಕಿತ್ತಳೆಯನ್ನು ಏರಿಸಿದರೆ ಮೈಬಣ್ಣ ಬೆಳಗುತ್ತದೆ. ಹಾಗೆ ಬೆಳಗಿಸಿದ ಪ್ರತಿಯನ್ನು ಕಂಡು ಆ ತಾಯಿ, “ಇಷ್ಟು ಬೆಳ್ಳಗ ಅವ್ರು ಯಾವಾಗಿದ್ರು?” ಎಂದು ತಿರುಗಿ ಕೊಟ್ಟರು. ಖಣಿಯ ಬಿಸಿಲಲ್ಲಿ ಕಪ್ಪಾದ ಮೈಯನ್ನು ಬೆಳ್ಳಗೆ ಮಾಡುವುದು ನನಗೂ ಸರಿಯೆನಿಸಲಿಲ್ಲ. ಎರಡನೆಯ ಪ್ರತಿಯಲ್ಲಿ ಮೈಬಣ್ಣ ಇದ್ದಂತೆಯೇ ಬಂದಿತು.

ಇಲ್ಲಿ ನೆನಪಾದದ್ದನ್ನು ಹೇಳಿಬಿಡುತ್ತೇನೆ. ನಮ್ಮ ಮಠದಲ್ಲಿರುವ ಹಿಂದಿನ ಗುರುಗಳ ಹಳೆಯ ಚಿತ್ರದಲ್ಲಿ ಕಾವಿಯು ಕರಿಯ ಬಟ್ಟೆಯಂತೆ ತೋರುತ್ತದೆ. ಗುರುಗಳು ಕಪ್ಪು ಉಡುತ್ತಿದ್ದರೇ ಎಂದು ಮಕ್ಕಳು ಕೇಳುವುದುಂಟು. ಹಳೆಯ ಕಾಲದ ಛಾಯಾಫಲಕಗಳಿಗೆ ಕೆಂಪು ಬೆಳಕಿನ ಅರಿವಿರಲಿಲ್ಲ. ಆದುದರಿಂದ ಕಾವಿ ಕಪ್ಪಾಯಿತು, ಕಂದು ಮೈ ಮತ್ತಷ್ಟು ಕಪ್ಪಾಯಿತು. ಕಪ್ಪು-ಬಿಳುಪಿನ ಚಿತ್ರ ಸತ್ಯವನ್ನೇ ನುಡಿಯುತ್ತದೆಂದು ನಂಬುವ ಹಿರಿಯರು ಇದನ್ನು ಗಮನಿಸಬೇಕು.

ಬ್ರೆಜಿಲ್ ದೇಶದ ಸೆಬಾಸ್ಟಿಯಾವೊ ಸಾಲ್ಗಾಡೊ ಎಂಬ ಛಾಯಾಗ್ರಾಹಕರು 1986ರಲ್ಲಿ ಸೆರ್ರಾ ಪೆಲಾಡಾ ಎಂಬ ಚಿನ್ನದ ಗಣಿಯಲ್ಲಿ, ಮಣ್ಣಿನ ಮೂಟೆ ಹೊತ್ತು ಏಣಿಯೇರುವ ಸಾವಿರಾರು ಕೂಲಿಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿ ಲೋಕಪ್ರಸಿದ್ಧರಾದರು. 2025ರಲ್ಲಿ ಅವರು ತೀರಿಕೊಂಡರು. ವಲಸೆಗಾರರನ್ನು ಕುರಿತ ಅವರ ಚಿತ್ರಗಳ ಅಡಿಯಲ್ಲಿ ಚಿತ್ರದಲ್ಲಿರುವವರ ಹೆಸರಿಲ್ಲವೆಂದು ಅಮೆರಿಕದ ಲೇಖಕಿ ಸುಸಾನ್ ಸೊಂಟಾಗ್ 2003ರ ಪುಸ್ತಕದಲ್ಲಿ ಆಕ್ಷೇಪಿಸಿದ್ದರು. ಸಾಲ್ಗಾಡೊ ಅವರ ಶ್ರಮ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೂ ಆಕ್ಷೇಪ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ, ಅಂಬಿಗರ ಚೌಡಯ್ಯ, ಕದಿರ ರೆಮ್ಮವ್ವೆ ಎಂದು ಹೇಳುವಾಗ ಕಾಯಕದೊಡನೆ ಹೆಸರೂ ಬಂದೇ ಬರುತ್ತದೆ. ಹಗ್ಗ ಹೊಸೆಯುವವನೊಬ್ಬ, ನೂಲುವವಳೊಬ್ಬಳು ಎಂದಷ್ಟೇ ಬರೆದಿಟ್ಟಿದ್ದರೆ ಎಂಟುನೂರು ವರ್ಷಗಳ ಬಳಿಕ ನಾವು ಯಾರನ್ನು ಸ್ಮರಿಸುತ್ತಿದ್ದೆವು?

ಹಾಗೆಂದು ಸೂರ್ಯನಿಗೆ ಎದುರಾಗಿ ಚಿತ್ರ ತೆಗೆಯಬಾರದೆಂದು ನಾನು ಹೇಳುವುದಿಲ್ಲ. ಕೆರೆಯ ನೀರು, ಜಾತ್ರೆಯ ತೇರಿನ ಕಳಸ, ಗುಡ್ಡದ ಅಂಚಿನ ಮರ, ಇವು ನೆರಳಾದರೆ ನಷ್ಟವೇನಿದೆ? ಹುಡುಗನ ಮೊದಲ ಚಿತ್ರವೂ ಆ ಮನೆಯಲ್ಲಿ ಉಳಿದಿದೆ. ತೆಗೆದುಹಾಕಬೇಡವೆಂದು ನಾನೇ ಹೇಳಿದೆ. ದೇವರ ಕೋಣೆಯ ಪಕ್ಕದ ಗೋಡೆಗೆ ಮಾತ್ರ ಎರಡನೆಯದನ್ನು ಹಾಕಿದ್ದಾರೆ. ದೊಡ್ಡದಾಗಿ ಮುದ್ರಿಸಿದ್ದರಿಂದ ಮುಖವು ರವೆ ಚೆಲ್ಲಿದಂತೆ ಕಾಳುಕಾಳಾಗಿದೆ, ಆದರೆ ಗುರುತು ಸಿಗುತ್ತದೆ. ಮನೆಯವರ ಇಚ್ಛೆಯಂತೆ ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಚಿತ್ರದ ಅಡಿಯಲ್ಲಿ ಅದು ದೊಡ್ಡ ಅಕ್ಷರಗಳಲ್ಲಿದೆ.

ಹುಡುಗ ಈಗ ರವಿವಾರಗಳಲ್ಲಿ ಖಣಿಗೆ ಹೋಗಿ ತಂದೆಯ ಜೊತೆಗಾರರ ಚಿತ್ರ ತೆಗೆಯುತ್ತಿದ್ದಾನೆ. ಹೋದ ವಾರ ಐದು ಪ್ರತಿಗಳನ್ನು ತಂದು ತೋರಿಸಿದ. ನಾಲ್ಕರ ಬೆನ್ನಿಗೆ ಹೆಸರು, ಊರು ಬರೆದಿದ್ದ. ಐದನೆಯದೇ ಎಲ್ಲಕ್ಕಿಂತ ಚೆನ್ನಾಗಿತ್ತು; ಅದರ ಬೆನ್ನು ಖಾಲಿಯಿತ್ತು. ಕೇಳಿದೆ. ಮುಂದಿನ ವಾರ ವಿಚಾರಿಸಿ ಬರುವೆನೆಂದು ಅದನ್ನು ಚೀಲದೊಳಗೆ ಇಟ್ಟುಕೊಂಡ.